ಹಳೇ ಡೆಸ್ಕ್‌ಟಾಪ್ ಆನ್ ಆಗ್ತಿಲ್ವಾ? ಗೋಡೆಯ ಪ್ಲಗ್‌ನಿಂದ ಶುರು ಮಾಡಿ

"ಹೊಸ ಎಸ್‌ಎಂಪಿಎಸ್ ಹಾಕಿದೆ, ಆದ್ರೂ ಆನ್ ಆಗ್ತಿಲ್ಲ." ಹಳೇ ಕಂಪ್ಯೂಟರ್ ಹೊತ್ತುಕೊಂಡು ನನ್ನ ಹತ್ತಿರ ಬರುವ ಎಷ್ಟೋ ಜನರ ಮೊದಲ ಮಾತು ಇದೇ. (ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿನ ಡಿಸಿಗೆ ಬದಲಾಯಿಸುವ, ಕ್ಯಾಬಿನೆಟ್ ಒಳಗಿನ ತಗಡಿನ ಡಬ್ಬಿ.) ದುಡ್ಡು ಖರ್ಚಾಗಿರುತ್ತದೆ, ರೋಗ ಮಾತ್ರ ಹಾಗೇ ಇರುತ್ತದೆ. ಕೊನೆಗೆ ನೋಡಿದರೆ ಎಕ್ಸ್‌ಟೆನ್ಷನ್ ಬಾಕ್ಸ್‌ನ ಸಾಕೆಟ್ ಸಡಿಲ. ಇಲ್ಲವೇ ಕ್ಯಾಬಿನೆಟ್‌ನ ಪವರ್ ಬಟನ್ ಒತ್ತಿದಲ್ಲೇ ಸಿಕ್ಕಿಕೊಂಡಿದೆ.

ಕರೆಂಟ್ ಗೋಡೆಯಿಂದ ಹೊರಟು ಬಾಕ್ಸ್, ಯುಪಿಎಸ್, ಪವರ್ ಕಾರ್ಡ್, ಎಸ್‌ಎಂಪಿಎಸ್ ದಾಟಿ ಬೋರ್ಡಿಗೆ (ಮದರ್‌ಬೋರ್ಡ್, ಎಲ್ಲ ಭಾಗಗಳೂ ಸೇರುವ ದೊಡ್ಡ ಹಲಗೆ) ಬರುತ್ತದೆ. ಹುಡುಕುವವರೂ ಅದೇ ದಾರಿ ಹಿಡಿಯಬೇಕು. ಇನ್ನೊಂದು ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಆನ್ ಮಾಡಿ ನೋಡಿ, ಬರೆದಿಟ್ಟುಕೊಳ್ಳಿ. ಮೂರನ್ನು ಒಟ್ಟಿಗೆ ಬದಲಾಯಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಮುಂದಿನ ಸಲ ಮತ್ತೆ ಮೂರಕ್ಕೂ ದುಡ್ಡು.

ಇಲ್ಲಿ ಹೇಳುತ್ತಿರುವುದು ಅಸೆಂಬಲ್ ಮಾಡಿದ, 8–15 ವರ್ಷ ಹಳೆಯ, ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಹೋಗುವ 24 ಪಿನ್ ಕನೆಕ್ಟರ್ ಇರುವ ಡೆಸ್ಕ್‌ಟಾಪ್ ಬಗ್ಗೆ. ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಬ್ರಾಂಡೆಡ್ ಮಷೀನ್‌ಗಳ ಕಥೆ ಸ್ವಲ್ಪ ಬೇರೆ. ಅದನ್ನು ಹಂತ 9ರಲ್ಲಿ ಹೇಳುತ್ತೇನೆ.

## ಮೊದಲು ಇವನ್ನು ಹೊಂದಿಸಿಕೊಳ್ಳಿ

ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕೇ ಬೇಕು. ಕೆಲವೇ ನೂರು ರೂಪಾಯಿಯದ್ದಾದರೂ ಈ ಕೆಲಸಕ್ಕೆ ಸಾಕು. ಗೋಡೆಯ ಸಾಕೆಟ್ ಅಳೆಯುವುದಿದೆ, ಹಾಗಾಗಿ ಪ್ರೋಬ್ ತಂತಿಯ ಸಿಪ್ಪೆ ಎಲ್ಲೂ ಬಿರುಕು ಬಿಟ್ಟಿರಬಾರದು. ಮೀಟರ್ ಇಲ್ಲದೆ ಮಾಡುವುದೆಲ್ಲ ಬರೀ ಊಹೆ.

ಉಳಿದದ್ದು ಮನೆಯಲ್ಲೇ ಸಿಗುತ್ತದೆ: ನಕ್ಷತ್ರ ತುದಿಯ ಸ್ಕ್ರೂಡ್ರೈವರ್, ಒಂದಿಂಚಿನ ಪೇಂಟ್ ಬ್ರಷ್, ಟಾರ್ಚ್, ಬಿಳಿ ರಬ್ಬರ್, ಒಂದು ಪೇಪರ್ ಕ್ಲಿಪ್, ಹಾಳೆ, ಪೆನ್ನು. ಸಿಆರ್2032 ಬಟನ್ ಸೆಲ್ ಒಂದು, ಥರ್ಮಲ್ ಪೇಸ್ಟ್ (ಪ್ರೊಸೆಸರ್ ಶಾಖವನ್ನು ಕೂಲರ್‌ಗೆ ದಾಟಿಸುವ ಅಂಟು) ಒಂದು ಚಿಕ್ಕ ಟ್ಯೂಬ್ ತಂದಿಟ್ಟುಕೊಳ್ಳಿ. ಬೋರ್ಡಿಗೆ ಸಿಕ್ಕಿಸುವ ಪುಟ್ಟ ಬೀಪ್ ಸ್ಪೀಕರ್ ಸಿಕ್ಕರೆ ಬಿಡಬೇಡಿ. ಹಳೇ ಬೋರ್ಡ್ ತನ್ನ ಕಷ್ಟ ಹೇಳಿಕೊಳ್ಳುವುದೇ ಅದರ ಮೂಲಕ.

ಮೀಟರ್ ಬಗ್ಗೆ ಒಂದು ಎಚ್ಚರಿಕೆ. ಕೆಂಪು ಪ್ರೋಬ್ ಯಾವಾಗಲೂ "ವಿ" ಎಂದು ಬರೆದ ತೂತಿನಲ್ಲೇ ಇರಬೇಕು. ಪಕ್ಕದಲ್ಲಿ "10ಎ" ಎಂಬ ತೂತು ಇರುತ್ತದೆ. ಅದರಲ್ಲಿಟ್ಟು ಸಾಕೆಟ್ ಅಳೆಯಲು ಹೋದರೆ ಮೀಟರ್ ನೇರ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ನಾನು ಒಮ್ಮೆ ಮಾಡಿದ್ದೇನೆ. ಢಂ ಅಂತ ಸದ್ದು, ಇಡೀ ಮನೆ ಕತ್ತಲೆ, ಪ್ರೋಬ್ ತುದಿ ಕರಗಿ ಉಂಡೆ. ಕೈ ಉಳಿದದ್ದು ಪುಣ್ಯ.

## ಮುಟ್ಟುವ ಮೊದಲು

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ. ಎಷ್ಟೋ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ (ಕರೆಂಟ್ ಬರುವ ತಂತಿ) ಬದಲು ನ್ಯೂಟ್ರಲ್‌ಗೆ (ವಾಪಸ್ ಹೋಗುವ ತಂತಿ) ಕೊಟ್ಟಿರುತ್ತಾರೆ. ಅಂಥ ಕಡೆ ಆಫ್ ಮಾಡಿದರೂ ಒಳಗೆ ಕರೆಂಟ್ ಇದ್ದೇ ಇರುತ್ತದೆ. ಪ್ಲಗ್ ಕಿತ್ತ ಮೇಲೆ ಕ್ಯಾಬಿನೆಟ್‌ನ ಪವರ್ ಬಟನ್ ಅನ್ನು 15 ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಹೊರಟುಹೋಗುತ್ತದೆ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ (ಚಾರ್ಜ್ ಕೂಡಿಟ್ಟುಕೊಳ್ಳುವ ಭಾಗ) ಸುಮಾರು 325 ವೋಲ್ಟ್ ಡಿಸಿ ನಿಂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ತಕ್ಷಣ ಇಳಿಯುವುದಿಲ್ಲ. ಯೂಟ್ಯೂಬ್‌ನಲ್ಲಿ ಯಾರೋ ಬಿಚ್ಚಿದರು ಅಂತ ನೀವೂ ಬಿಚ್ಚಬೇಡಿ.

ಇವುಗಳಲ್ಲಿ ಒಂದು ಕಂಡರೂ ಅಲ್ಲೇ ನಿಲ್ಲಿಸಿ: ಸುಟ್ಟ ವಾಸನೆ, ಕೆಟ್ಟ ಮೀನಿನಂಥ ವಾಸನೆ (ಪ್ಲಾಸ್ಟಿಕ್ ಕಾದಾಗ ಹೀಗೇ ಬರುತ್ತದೆ), ಚಟಚಟ ಸದ್ದು, ಆನ್ ಮಾಡಿದ ಕೂಡಲೇ ಎಂಸಿಬಿ (ಶಾರ್ಟ್ ಆದಾಗ ತಾನೇ ಆಫ್ ಆಗುವ ಮನೆಯ ರಕ್ಷಣಾ ಸ್ವಿಚ್) ಬೀಳುವುದು. "ಇನ್ನೊಂದು ಸಲ ನೋಡೋಣ" ಅಂತ ಮತ್ತೆ ಸ್ವಿಚ್ ಹಾಕಿದವರೇ ಬೋರ್ಡನ್ನೂ ಕಳೆದುಕೊಂಡಿದ್ದಾರೆ.

## ಹಂತ 1: ಲಕ್ಷಣ ಬರೆದುಕೊಳ್ಳಿ

"ಆನ್ ಆಗ್ತಿಲ್ಲ" ಅನ್ನುವ ಒಂದೇ ಮಾತಿನಲ್ಲಿ ನಾಲ್ಕೈದು ಬೇರೆ ಬೇರೆ ರೋಗಗಳಿವೆ. ಒಂದು ಸಲ ಬಟನ್ ಒತ್ತಿ, ಏನಾಗುತ್ತದೆ ಅಂತ ಸರಿಯಾಗಿ ನೋಡಿ.

ಏನೂ ಇಲ್ಲ, ಫ್ಯಾನ್ ಕೂಡ ಅಲುಗಾಡುವುದಿಲ್ಲ ಎಂದರೆ ಹಂತ 2ರಿಂದ 6ರವರೆಗೆ ಒಂದನ್ನೂ ಬಿಡದೆ ಹೋಗಿ. ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತರೆ ಎಲ್ಲೋ ಶಾರ್ಟ್ ಆಗಿ ಎಸ್‌ಎಂಪಿಎಸ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ, ಹಂತ 7 ಮುಖ್ಯ. ಸರಿಯಾಗಿ ನಾಲ್ಕೈದು ಸೆಕೆಂಡ್ ಓಡಿ ಆಫ್ ಆದರೆ ಪವರ್ ಬಟನ್ ಮೇಲೆ ಅನುಮಾನ ಪಡಿ. ಫ್ಯಾನ್ ಓಡುತ್ತಲೇ ಇದೆ, ಪರದೆ ಮಾತ್ರ ಕಪ್ಪು ಎಂದರೆ ಬಹಳ ಸಲ ಅದು ಪವರ್ ತೊಂದರೆಯೇ ಅಲ್ಲ, ರ‍್ಯಾಮ್ ತೊಂದರೆ. ಚೆನ್ನಾಗಿ ಓಡುತ್ತಾ ನಡುವೆ ರೀಸ್ಟಾರ್ಟ್ ಆದರೆ ಹಂತ 8.

ಯಾವಾಗಿನಿಂದ ಶುರುವಾಯಿತು ಅನ್ನುವುದನ್ನೂ ಬರೆಯಿರಿ. ಸಿಡಿಲು ಬಡಿದ ಮರುದಿನವೋ, ಮನೆ ಬದಲಾಯಿಸಿದ ಮೇಲೋ, ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೋ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

## ಹಂತ 2: ಗೋಡೆ, ಬಾಕ್ಸ್, ಯುಪಿಎಸ್

ಮೊದಲು ಯುಪಿಎಸ್, ಎಕ್ಸ್‌ಟೆನ್ಷನ್ ಬಾಕ್ಸ್ ಎರಡನ್ನೂ ಪಕ್ಕಕ್ಕಿಟ್ಟು ಕಂಪ್ಯೂಟರನ್ನು ನೇರ ಗೋಡೆಯ ಸಾಕೆಟ್‌ಗೆ ಹಾಕಿ. ಆನ್ ಆಯಿತಾ? ಹಾಗಾದರೆ ಕಂಪ್ಯೂಟರ್ ಬಿಚ್ಚುವ ಅಗತ್ಯವೇ ಇಲ್ಲ.

ಆಗದಿದ್ದರೆ ಮೀಟರನ್ನು ಎಸಿ 600 ಅಥವಾ 750ರ ಗುರುತಿಗೆ ತಿರುಗಿಸಿ, ಸಾಕೆಟ್‌ನಲ್ಲಿ ಮೂರು ಅಳತೆ ತೆಗೆದುಕೊಳ್ಳಿ. ಫೇಸ್–ನ್ಯೂಟ್ರಲ್ ನಡುವೆ 230ರ ಆಸುಪಾಸು ಇರಬೇಕು. ಫೇಸ್–ಅರ್ತ್ ನಡುವೆಯೂ ಹೆಚ್ಚು ಕಡಿಮೆ ಅಷ್ಟೇ. ನ್ಯೂಟ್ರಲ್–ಅರ್ತ್ ನಡುವೆ 2–3 ವೋಲ್ಟ್ ಮೀರಬಾರದು. ಫೇಸ್–ಅರ್ತ್ ನಡುವೆ ಅಂಕಿ ನಿಲ್ಲದೆ ಅಲೆದಾಡಿದರೆ ಅರ್ತಿಂಗ್ ಇಲ್ಲವೆಂದೇ ಅರ್ಥ. ಈ ಅಳತೆಗೆ ಕೈ ನಡುಗುತ್ತದೆ ಎನ್ನುವವರು ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ನಾಚಿಕೆಪಡುವಂಥದ್ದೇನಿಲ್ಲ.

ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತದಾ? ಟೆಸ್ಟರ್ ಇಟ್ಟರೆ ಮಿಣುಕುತ್ತದಾ? ಇದೂ ಹೆಚ್ಚಾಗಿ ಅರ್ತಿಂಗ್ ಇಲ್ಲದ ಗುರುತೇ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಬರುವ ಸಣ್ಣ ಕರೆಂಟ್ ಅರ್ತ್ ತಂತಿಯಲ್ಲಿ ಇಳಿದು ಹೋಗಬೇಕು. ದಾರಿ ಇಲ್ಲದೆ ಕ್ಯಾಬಿನೆಟ್ ಮೇಲೆ ಕೂತಿರುತ್ತದೆ. ಇದಕ್ಕೆ ಕೆಲವರು ಒಂದು ಉಪಾಯ ಮಾಡುತ್ತಾರೆ: ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ತ್‌ಗೆ ಒಂದು ತುಂಡು ತಂತಿ. ಜುಮ್ ಅನ್ನುವುದು ನಿಲ್ಲುತ್ತದೆ, ನಿಜ. ಆದರೆ ಮುಂದೆ ನ್ಯೂಟ್ರಲ್ ಎಲ್ಲಾದರೂ ಕಿತ್ತುಬಂದರೆ ಇಡೀ ಕ್ಯಾಬಿನೆಟ್‌ಗೆ 230 ವೋಲ್ಟ್ ಬಂದು ನಿಲ್ಲುತ್ತದೆ. ನಿಮ್ಮ ಮನೆಯಲ್ಲಿ ಹೀಗಿದ್ದರೆ ಇವತ್ತೇ ತೆಗೆಸಿ, ಸರಿಯಾದ ಅರ್ತ್ ಗುಂಡಿ ಮಾಡಿಸಿ.

ಹಳ್ಳಿ ಕಡೆ ಇನ್ನೊಂದು ತೊಂದರೆ, ಲೋ ವೋಲ್ಟೇಜ್. ಬೆಳಿಗ್ಗೆ ಅಳೆದರೆ 225, ಸಂಜೆ ಎಲ್ಲರ ಮನೆಯ ದೀಪ, ಪಂಪ್‌ಸೆಟ್ ಶುರುವಾದ ಮೇಲೆ 170. ಕಂಪ್ಯೂಟರ್ ಕೈಕೊಡುವ ಹೊತ್ತಿನಲ್ಲೇ ಅಳೆಯಿರಿ. ಎಸ್‌ಎಂಪಿಎಸ್ ಸ್ಟಿಕರ್‌ನಲ್ಲಿ ಇನ್‌ಪುಟ್ 100–240 ಎಂದಿದ್ದರೆ ಅದು ತಡೆದುಕೊಳ್ಳುತ್ತದೆ. 200–240 ಅಥವಾ ಬರೀ 230 ಎಂದಿದ್ದರೆ ಸಂಜೆ ಹೊತ್ತು ಒದ್ದಾಡುತ್ತದೆ.

ಯುಪಿಎಸ್ ವಿಷಯಕ್ಕೆ ಬಂದರೆ, ಮನೆಗಳಲ್ಲಿ ಹೆಚ್ಚಾಗಿ ಇರುವುದು 600 ವಿಎಯದು. ಅದು ಕೊಡುವುದು ಸುಮಾರು 360 ವ್ಯಾಟ್. ಒಳಗಿನ 12 ವೋಲ್ಟ್, 7 ಎಎಚ್ ಬ್ಯಾಟರಿಯ ಆಯಸ್ಸು ಎರಡು ಮೂರು ವರ್ಷ. ರಾತ್ರಿಯೆಲ್ಲ ಚಾರ್ಜ್ ಮಾಡಿ, ಕಂಪ್ಯೂಟರ್ ಬದಲು ಒಂದು ಟೇಬಲ್ ಲ್ಯಾಂಪ್ ಸಿಕ್ಕಿಸಿ ಗೋಡೆಯ ಸ್ವಿಚ್ ಆಫ್ ಮಾಡಿ. ದೀಪ ಒಂದೆರಡು ನಿಮಿಷಕ್ಕೇ ಆರಿದರೆ ಬ್ಯಾಟರಿ ಮುಗಿದಿದೆ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಬೇಡಿ. ಡ್ರಮ್ ಕಾಯುವ ಹೊತ್ತಿಗೆ ಅದು ಎಳೆಯುವ ಕರೆಂಟಿಗೆ ಪಕ್ಕದ ಕಂಪ್ಯೂಟರ್ ಆಫ್ ಆಗುತ್ತದೆ.

ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ಓಡಿಸುವವರು ಅದರ ಹಿಂದೆ ಅಥವಾ ಮುಂದೆ "ಯುಪಿಎಸ್ ಮೋಡ್" ಎಂಬ ಸ್ವಿಚ್ ಇದೆಯಾ ನೋಡಿ. ಮಾಮೂಲಿ ಮೋಡ್‌ನಲ್ಲಿ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಫ್ಯಾನ್, ದೀಪಕ್ಕೆ ಅದು ಗೊತ್ತಾಗುವುದಿಲ್ಲ, ಕಂಪ್ಯೂಟರ್‌ಗೆ ಗೊತ್ತಾಗುತ್ತದೆ.

## ಹಂತ 3: ಪವರ್ ಕಾರ್ಡ್ ಮತ್ತು ಹಿಂದಿನ ಸ್ವಿಚ್

ಮಾನಿಟರ್‌ನ ಕಾರ್ಡ್ ಕಿತ್ತು ಕ್ಯಾಬಿನೆಟ್‌ಗೆ ಹಾಕಿ ನೋಡಿ. ಹೆಚ್ಚಿನ ಹಳೇ ಮಾನಿಟರ್‌ಗಳಲ್ಲಿ ಎರಡೂ ಒಂದೇ ಜಾತಿಯವು. ಎರಡೇ ನಿಮಿಷದ ಕೆಲಸ, ಪೈಸೆ ಖರ್ಚಿಲ್ಲ. ಕಾರ್ಡ್ ಎಸ್‌ಎಂಪಿಎಸ್‌ನೊಳಗೆ ಗಟ್ಟಿಯಾಗಿ ಕೂರದೆ ಅಲ್ಲಾಡಿದರೆ, ಅಥವಾ ತುದಿ ಕಂದು ಬಣ್ಣಕ್ಕೆ ತಿರುಗಿದ್ದರೆ ಎಸೆದುಬಿಡಿ.

ಎಸ್‌ಎಂಪಿಎಸ್ ಹಿಂದೆ ಚಿಕ್ಕ ಸ್ವಿಚ್ ಇದ್ದರೆ ಅದು "ಗೀಟು" ಇರುವ ಕಡೆ ಒತ್ತಿರಬೇಕು, "ಸೊನ್ನೆ" ಕಡೆ ಅಲ್ಲ. ನಗಬೇಡಿ, ಕಸ ಗುಡಿಸುವಾಗ ಪೊರಕೆ ತಾಗಿ ಆಫ್ ಆದದ್ದನ್ನು ಕಣ್ಣಾರೆ ನೋಡಿದ್ದೇನೆ. ಹಳೇ ಎಸ್‌ಎಂಪಿಎಸ್‌ಗಳಲ್ಲಿ 115/230 ಎಂಬ ಕೆಂಪು ಜಾರುಗುಂಡಿಯೂ ಇರುತ್ತದೆ. ಅದು ಸದಾ 230ರಲ್ಲೇ ಇರಬೇಕು. 115ಕ್ಕೆ ಸರಿಸಿ ಸ್ವಿಚ್ ಹಾಕಿದರೆ ಎಸ್‌ಎಂಪಿಎಸ್ ಕಥೆ ಮುಗಿದಂತೆ. ಮಕ್ಕಳಿರುವ ಮನೆಯಲ್ಲಿ ಅದರ ಮೇಲೆ ಟೇಪ್ ಅಂಟಿಸಿ.

## ಹಂತ 4: ಕ್ಯಾಬಿನೆಟ್ ಬಿಚ್ಚಿ ಕಣ್ಣಿನಿಂದ ನೋಡಿ

ಪ್ಲಗ್ ಕಿತ್ತು ಪಕ್ಕದ ಬಾಗಿಲು ತೆಗೆಯಿರಿ. ಒಳಗಿನ ತಗಡನ್ನು ಒಮ್ಮೆ ಮುಟ್ಟಿ, ಮೈಯಲ್ಲಿನ ಸ್ಟ್ಯಾಟಿಕ್ ಹೋಗಲಿ. ಏನನ್ನೂ ಕೀಳಬೇಡಿ, ಮೊದಲು ಟಾರ್ಚ್ ಹಿಡಿದು ನೋಡಿ, ಫೋನಿನಲ್ಲಿ ಫೋಟೊ ತೆಗೆಯಿರಿ. ಜೋಡಿಸುವಾಗ ಅದೇ ದಾರಿ ತೋರಿಸುತ್ತದೆ.

ಪ್ರೊಸೆಸರ್ ಸುತ್ತ ನಿಂತಿರುವ ಪುಟ್ಟ ಡ್ರಮ್ಮುಗಳಂಥ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಪೂರಿಯಂತೆ ಉಬ್ಬಿದ್ದರೆ, ತಲೆಯ ಮೇಲೆ ಕಂದು ಕಲೆ ಇದ್ದರೆ, ಬುಡದಲ್ಲಿ ಅಂಟು ಸೋರಿದ್ದರೆ ತೊಂದರೆ ಬೋರ್ಡಿನದ್ದೇ. ಬೆಸುಗೆ ಗೊತ್ತಿರುವ ಮೆಕ್ಯಾನಿಕ್ ಅವನ್ನು ಬದಲಾಯಿಸಬಲ್ಲ.

24 ಪಿನ್ ಕನೆಕ್ಟರ್ ಮತ್ತು ಪ್ರೊಸೆಸರ್ ಪಕ್ಕದ 4 ಪಿನ್ ಕನೆಕ್ಟರ್ ಪೂರ್ತಿ ಕೂತಿವೆಯಾ? ಆ ನಾಲ್ಕು ಪಿನ್ನಿನದು ಮರೆತುಹೋದರೆ ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ. ಎಸ್‌ಎಂಪಿಎಸ್ ಬದಲಾಯಿಸಿದವರು ಅತಿ ಹೆಚ್ಚು ಮಾಡುವ ತಪ್ಪು ಇದು. ಮೋಲೆಕ್ಸ್‌ನಿಂದ (ಹಳೇ ನಾಲ್ಕು ಪಿನ್ನಿನ ದೊಡ್ಡ ಪವರ್ ಕನೆಕ್ಟರ್) ಸಾಟಾಗೆ (ಹಾರ್ಡ್ ಡಿಸ್ಕ್‌ನ ಚಪ್ಪಟೆ ಕನೆಕ್ಟರ್) ಹೋಗುವ ಅಗ್ಗದ ಕನ್ವರ್ಟರ್ ತಂತಿಗಳನ್ನೂ ನೋಡಿ, ಅವು ಒಳಗೊಳಗೇ ಕರಗಿರುತ್ತವೆ.

ಆಮೇಲೆ ಧೂಳು. ಬ್ರಷ್‌ನಿಂದ ಮೆಲ್ಲಗೆ ಉದುರಿಸಿ. ಬ್ಲೋವರ್ ಹಿಡಿಯುವುದಾದರೆ ಫ್ಯಾನಿನ ರೆಕ್ಕೆ ತಿರುಗದಂತೆ ಪೆನ್ಸಿಲ್ ಅಡ್ಡ ಕೊಡಿ. ಗಾಳಿಗೆ ಜೋರಾಗಿ ತಿರುಗಿದ ಫ್ಯಾನ್ ಡೈನಮೊ ಥರ ಬೋರ್ಡಿಗೇ ಕರೆಂಟ್ ಕಳಿಸಬಹುದು, ಬೇರಿಂಗ್ ಕೂಡ ಹಾಳು. ನಮ್ಮ ಕಡೆ ಇರುವೆ, ಜಿರಳೆ, ಸತ್ತ ಹಲ್ಲಿ ಕೂಡ ಸಿಗುತ್ತವೆ. ಎಸ್‌ಎಂಪಿಎಸ್ ಜಾಲರಿಯೊಳಗೆ ಹಲ್ಲಿ ಕಂಡರೆ ಅದನ್ನು ಮತ್ತೆ ಆನ್ ಮಾಡಬೇಡಿ.

## ಹಂತ 5: ಪವರ್ ಬಟನ್

ಮುಂದಿನ ಬಟನ್ ಬರೀ ಒಂದು ಪುಟ್ಟ ಸ್ವಿಚ್. ಹತ್ತು ವರ್ಷ ಒತ್ತಿಸಿಕೊಂಡ ಮೇಲೆ ಅದರೊಳಗಿನ ತಗಡು ಸವೆಯುತ್ತದೆ, ಇಲ್ಲವೇ ಒತ್ತಿದಲ್ಲೇ ನಿಲ್ಲುತ್ತದೆ. ಬಟನ್ ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಕಂಪ್ಯೂಟರ್ ಆಫ್ ಆಗುತ್ತದಲ್ವಾ? ಸಿಕ್ಕಿಕೊಂಡ ಬಟನ್ ಮಾಡುವುದೂ ಅದನ್ನೇ.

ಬೋರ್ಡಿನ ಮೂಲೆಯಲ್ಲಿ ಸಣ್ಣ ತಂತಿಗಳು ಸೇರುವ ಪಿನ್ ಗುಂಪು ಇರುತ್ತದೆ. ಅದರಲ್ಲಿ "ಪಿಡಬ್ಲ್ಯುಆರ್ ಎಸ್‌ಡಬ್ಲ್ಯು" ಎಂದು ಇಂಗ್ಲಿಷ್‌ನಲ್ಲಿ ಬರೆದ ಜೋಡಿ ತಂತಿಯನ್ನು ಕಿತ್ತುಬಿಡಿ. ಈಗ ಪ್ಲಗ್ ಹಾಕಿ, ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಸೇರಿಸಿ ತಟ್ಟನೆ ಬಿಡಿ. ಕಂಪ್ಯೂಟರ್ ಎದ್ದರೆ ಬಟನ್ನೇ ಕಳ್ಳ. ರೀಸೆಟ್ ಬಟನ್ನಿನ ತಂತಿಯನ್ನು ಆ ಪಿನ್ನಿಗೆ ಸಿಕ್ಕಿಸಿ, ಇನ್ನು ಮುಂದೆ ಅದನ್ನೇ ಪವರ್ ಬಟನ್ ಮಾಡಿಕೊಳ್ಳಿ.

## ಹಂತ 6: ಎಸ್‌ಎಂಪಿಎಸ್ ಅಳೆಯುವುದು

ಇಲ್ಲಿ ನಿಧಾನವಾಗಿ ಓದಿ. ಜನ ಎಡವುವುದು ಇಲ್ಲೇ.

ಎಲ್ಲರಿಗೂ ಗೊತ್ತಿರುವುದು ಪೇಪರ್ ಕ್ಲಿಪ್ ಪರೀಕ್ಷೆ: 24 ಪಿನ್ ಕನೆಕ್ಟರನ್ನು ಬೋರ್ಡಿನಿಂದ ಕಿತ್ತು, ಹಸಿರು ತಂತಿಯ ತೂತಿಗೂ ಕಪ್ಪು ತಂತಿಯ ತೂತಿಗೂ ಕ್ಲಿಪ್ ಹಾಕಿ ಸ್ವಿಚ್ ಕೊಡುವುದು. ಕ್ಲಿಪ್ ಸಿಕ್ಕಿಸುವಾಗ ಪ್ಲಗ್ ಕಿತ್ತಿರಲಿ. ಫ್ಯಾನ್ ತಿರುಗಿದರೆ "ಎಸ್‌ಎಂಪಿಎಸ್ ಸರಿ ಇದೆ" ಅಂತ ತೀರ್ಮಾನ ಮಾಡಿಬಿಡುತ್ತಾರೆ. ಅದು ತಪ್ಪು. ಖಾಲಿ ಗಾಡಿ ಎಳೆದ ಎತ್ತು ಭತ್ತದ ಮೂಟೆ ಹೇರಿದ ಗಾಡಿಯನ್ನೂ ಎಳೆಯುತ್ತದೆ ಅಂತ ಹೇಳೋಕಾಗಲ್ಲ. ಫ್ಯಾನ್ ತಿರುಗದಿದ್ದರೆ ಎಸ್‌ಎಂಪಿಎಸ್ ಬಹುತೇಕ ಹೋಗಿದೆ. (ಲೋಡ್ ಇಲ್ಲದೆ ಏಳದ ಕೆಲವು ಹಳೇ ಎಸ್‌ಎಂಪಿಎಸ್‌ಗಳಿವೆ, ಅವಕ್ಕೆ ಒಂದು ಹಾಳಾದ ಹಾರ್ಡ್ ಡಿಸ್ಕ್ ಸಿಕ್ಕಿಸಿ ನೋಡಿ.) ತಿರುಗಿದರೆ ಪರೀಕ್ಷೆ ಈಗಷ್ಟೇ ಶುರು.

ಪ್ಲಗ್ ಕಿತ್ತು, ಕ್ಲಿಪ್ ತೆಗೆದು, ಕನೆಕ್ಟರನ್ನು ಮತ್ತೆ ಬೋರ್ಡಿಗೆ ಹಾಕಿ. ಆಮೇಲೆ ಪ್ಲಗ್ ಹಾಕಿ. ಮೀಟರ್ ಡಿಸಿ 20 ವೋಲ್ಟ್ ಗುರುತಿಗೆ. ಕಪ್ಪು ಪ್ರೋಬ್ ಯಾವುದಾದರೂ ಕಪ್ಪು ತಂತಿಗೆ. ಕೆಂಪು ಪ್ರೋಬನ್ನು ಕನೆಕ್ಟರ್ ಹಿಂದುಗಡೆಯಿಂದ, ತಂತಿಯ ಪಕ್ಕದಲ್ಲೇ ಜಾರಿಸಿ ಲೋಹ ಸಿಗುವವರೆಗೆ ಒಳಗೆ ತಳ್ಳಿ. ತುದಿ ಅತ್ತಿತ್ತ ಜಾರಿ ಎರಡು ಪಿನ್ನಿಗೆ ತಾಗಬಾರದು.

ಮೊದಲು ಪ್ಲಗ್ ಹಾಕಿದ್ದು ಕಂಪ್ಯೂಟರ್ ಆಫ್ ಇರುವಾಗ. ನೇರಳೆ ತಂತಿಯಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು. ಇದು ಸ್ಟ್ಯಾಂಡ್‌ಬೈ ಕರೆಂಟ್. ಕಂಪ್ಯೂಟರ್ ನಿದ್ದೆ ಮಾಡುವಾಗಲೂ ಎಚ್ಚರ ಇರುವ ತಂತಿ ಇದೊಂದೇ, ಬಟನ್ ಒತ್ತಿದ್ದು ಬೋರ್ಡಿಗೆ ತಿಳಿಯುವುದು ಇದು ಇದ್ದರೆ ಮಾತ್ರ. ಇಲ್ಲಿ ಸೊನ್ನೆ ಬಂದರೆ 24 ಪಿನ್ ಕನೆಕ್ಟರನ್ನು ಬೋರ್ಡಿನಿಂದ ಕಿತ್ತು ಮತ್ತೆ ಅಳೆಯಿರಿ. ಕಿತ್ತಾಗ 5 ವೋಲ್ಟ್ ಬಂತು ಎಂದರೆ ಬೋರ್ಡ್ ಅದನ್ನು ಶಾರ್ಟ್ ಮಾಡುತ್ತಿದೆ. ಸಿಡಿಲಿನ ನಂತರ ಸತ್ತ ಮಷೀನ್‌ಗಳಲ್ಲಿ ಹೀಗೆ ಕಾಣುತ್ತದೆ. ನೆಟ್‌ವರ್ಕ್ ಕೇಬಲ್ ಮೂಲಕ ಬಂದ ಪೆಟ್ಟಿಗೆ ಬೋರ್ಡಿನ ಲ್ಯಾನ್ ಚಿಪ್ ಸುಟ್ಟಿರುತ್ತದೆ. ಕಿತ್ತಾಗಲೂ ಸೊನ್ನೆಯೇ ಆದರೆ ಎಸ್‌ಎಂಪಿಎಸ್ ಸತ್ತಿದೆ.

ಸಾಗರದ ಒಂದು ಜೆರಾಕ್ಸ್ ಅಂಗಡಿಯ ಮಷೀನ್ ಮಳೆಗಾಲದ ಬೆಳಿಗ್ಗೆ ಹತ್ತು ಸಲ ಬಟನ್ ಒತ್ತಿದರೂ ಏಳುತ್ತಿರಲಿಲ್ಲ. ಒಮ್ಮೆ ಎದ್ದರೆ ಸಂಜೆಯವರೆಗೆ ಸುಖವಾಗಿ ಓಡುತ್ತಿತ್ತು. ಅಂಗಡಿಯವರು ರ‍್ಯಾಮ್ ಬದಲಾಯಿಸಿದ್ದರು, ವಿಂಡೋಸ್ ಎರಡು ಸಲ ಹಾಕಿಸಿದ್ದರು. ನಾನು ಬೆಳಿಗ್ಗೆ ಎಂಟಕ್ಕೇ ಹೋಗಿ ನೇರಳೆ ತಂತಿ ಅಳೆದೆ: 4.31. ಪ್ಲಗ್ ಹಾಕಿಟ್ಟು ಎದುರಿನ ಹೋಟೆಲಲ್ಲಿ ಚಹಾ ಕುಡಿದು ಬಂದು ಅಳೆದರೆ 4.72. ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್ ಮುದಿಯಾಗಿತ್ತು, ಸ್ವಲ್ಪ ಬೆಚ್ಚಗಾದ ಮೇಲೆ ಕೆಲಸ ಮಾಡುತ್ತಿತ್ತು. "ಹಂಗಾದ್ರೆ ರಾತ್ರಿಯೆಲ್ಲ ಪ್ಲಗ್ ಹಾಕೇ ಇಟ್ರೆ ಆಯ್ತಲ್ಲ ಮಾರಾಯ್ರೆ" ಅಂದರು ಅಂಗಡಿಯವರು. ಹಾಗೇ ಎರಡು ವಾರ ತಳ್ಳಿದರು ಕೂಡ. ಆಮೇಲೆ ಹೊಸದು ಹಾಕಲೇಬೇಕಾಯಿತು.

ಈಗ ಹಸಿರು ತಂತಿ. ಬಟನ್ ಒತ್ತುವ ಮೊದಲು ಇದರಲ್ಲಿ 3ರಿಂದ 5 ವೋಲ್ಟ್ ನಡುವೆ ಏನೋ ಒಂದು ಇರುತ್ತದೆ. ಬಟನ್ ಒತ್ತಿದ ಕೂಡಲೇ ಸೊನ್ನೆಯ ಹತ್ತಿರ ಬೀಳಬೇಕು. ಅದು ಬೋರ್ಡ್ ಎಸ್‌ಎಂಪಿಎಸ್‌ಗೆ ಕೊಡುವ "ಏಳು" ಎಂಬ ಅಪ್ಪಣೆ. ಒತ್ತಿದರೂ ಬೀಳಲಿಲ್ಲ ಎಂದರೆ ತಪ್ಪು ಬಟನ್ ಅಥವಾ ಬೋರ್ಡಿನದು. ಬಿತ್ತು, ಆದರೂ ಹಳದಿ ತಂತಿಯಲ್ಲಿ 12 ವೋಲ್ಟ್ ಬರಲಿಲ್ಲ ಎಂದರೆ ತಪ್ಪು ಎಸ್‌ಎಂಪಿಎಸ್‌ನದು, ಇಲ್ಲವೇ ಎಲ್ಲೋ ಶಾರ್ಟ್ ಇದೆ. ಬೋರ್ಡಾ, ಎಸ್‌ಎಂಪಿಎಸ್ಸಾ ಎಂಬ ಜಗಳವನ್ನು ಈ ಒಂದು ತಂತಿ ಬಗೆಹರಿಸುತ್ತದೆ.

ಆನ್ ಆದ ಮೇಲೆ. ಹಳದಿ: 11.4ರಿಂದ 12.6. ಕೆಂಪು: 4.75ರಿಂದ 5.25. ಕಿತ್ತಳೆ: 3.14ರಿಂದ 3.47. ಬೂದು ತಂತಿಯಲ್ಲಿ ಸುಮಾರು 5 ವೋಲ್ಟ್ ಬರಬೇಕು. "ನನ್ನ ಕಡೆ ಎಲ್ಲ ಸರಿ ಇದೆ" ಅಂತ ಎಸ್‌ಎಂಪಿಎಸ್ ಬೋರ್ಡಿಗೆ ಹೇಳುವುದು ಈ ತಂತಿಯಲ್ಲಿ. ಫ್ಯಾನ್ ಓಡುತ್ತಿದೆ, ಪರದೆ ಇಲ್ಲ, ಬೂದು ತಂತಿಯಲ್ಲಿ ಸೊನ್ನೆ ಎಂದರೆ ಬೋರ್ಡನ್ನು ಬೈಯಬೇಡಿ. ಎಸ್‌ಎಂಪಿಎಸ್ ಬದಲಾಯಿಸಿ.

ಎಲ್ಲ ತಂತಿಯೂ ಕಪ್ಪಾಗಿರುವ ಎಸ್‌ಎಂಪಿಎಸ್‌ಗಳಿವೆ. ಅವುಗಳ ಪಿನ್ ನಕ್ಷೆ ಎದುರಿಗಿಟ್ಟುಕೊಳ್ಳದೆ ಕೈ ಹಾಕಬೇಡಿ.

## ಹಂತ 7: ಎಲ್ಲ ಕಿತ್ತು ಕನಿಷ್ಠಕ್ಕೆ ತನ್ನಿ

ವೋಲ್ಟೇಜ್ ಸರಿ ಇದೆ, ಅಥವಾ ಫ್ಯಾನ್ ಅರ್ಧ ಸುತ್ತು ಹಾಕಿ ನಿಲ್ಲುತ್ತಿದೆ. ಈಗ ಪ್ಲಗ್ ಕಿತ್ತು ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ಗ್ರಾಫಿಕ್ಸ್ ಕಾರ್ಡ್, ಕೀಬೋರ್ಡ್, ಮೌಸ್ ಎಲ್ಲ ಕಳಚಿ. ಮುಂದಿನ ಯುಎಸ್‌ಬಿ ಪೋರ್ಟಿಗೆ ಹೋಗುವ ತಂತಿಯನ್ನೂ ಬೋರ್ಡಿನಿಂದ ಕೀಳಿ. ಇದನ್ನು ಬಹಳ ಜನ ಬಿಡುತ್ತಾರೆ. ಪೆನ್‌ಡ್ರೈವ್ ಚುಚ್ಚಿ ಚುಚ್ಚಿ ಆ ಪೋರ್ಟಿನ ಒಳ ಪಿನ್ನು ಬಾಗಿ ಶಾರ್ಟ್ ಆಗಿ, ಇಡೀ ಕಂಪ್ಯೂಟರ್ ಏಳದಂತೆ ಮಾಡುತ್ತದೆ.

ಉಳಿಯಬೇಕಾದದ್ದು ಬೋರ್ಡ್, ಪ್ರೊಸೆಸರ್, ಅದರ ಫ್ಯಾನ್, ಒಂದೇ ಒಂದು ರ‍್ಯಾಮ್. ಎಸ್‌ಎಂಪಿಎಸ್ ಒಮ್ಮೆ ರಕ್ಷಣೆಗೆ ಹೋಗಿದ್ದರೆ ಪ್ಲಗ್ ಕಿತ್ತು ಒಂದೆರಡು ನಿಮಿಷ ಬಿಟ್ಟೇ ಮತ್ತೆ ಹಾಕಿ. ಎದ್ದರೆ ಒಂದೊಂದೇ ವಾಪಸ್ ಸೇರಿಸಿ, ಯಾವುದನ್ನು ಸೇರಿಸಿದಾಗ ಬಿತ್ತೋ ಅದೇ ಅಪರಾಧಿ.

ಪರದೆ ಬರದಿದ್ದರೆ ರ‍್ಯಾಮ್ ತೆಗೆದು ಚಿನ್ನದ ಬಣ್ಣದ ಅಂಚನ್ನು ಬಿಳಿ ರಬ್ಬರ್‌ನಿಂದ ಉಜ್ಜಿ. ಪುಡಿಯನ್ನು ಬ್ರಷ್‌ನಿಂದ ತೆಗೆದು, ಎರಡೂ ಕಡೆ ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ಬೇರೆ ಸ್ಲಾಟಿನಲ್ಲೂ ನೋಡಿ. ರ‍್ಯಾಮ್ ಪೂರ್ತಿ ತೆಗೆದು ಆನ್ ಮಾಡಿದಾಗ ಸ್ಪೀಕರ್ ಬೀಪ್ ಎಂದು ಕೂಗಿದರೆ ಒಳ್ಳೇ ಸುದ್ದಿ, ಬೋರ್ಡೂ ಪ್ರೊಸೆಸರೂ ಬದುಕಿವೆ.

ಬಟನ್ ಸೆಲ್ ಅಳೆಯಿರಿ. ಹೊಸದರಲ್ಲಿ 3 ವೋಲ್ಟ್ ಮೀರಿ ಇರುತ್ತದೆ. 2.7ಕ್ಕಿಂತ ಕೆಳಗಿದ್ದರೆ ಬದಲಾಯಿಸಿ. ದಿನಾಂಕ ಹಿಂದಕ್ಕೆ ಹೋಗುವುದು, ಬ್ರೌಸರ್ ಯಾವ ಸೈಟನ್ನೂ ತೆರೆಯದೆ ಸರ್ಟಿಫಿಕೇಟ್ ಸರಿ ಇಲ್ಲ ಅಂತ ಗೊಣಗುವುದು ಇದರ ಮುನ್ಸೂಚನೆ. ಕೆಲವು ಬೋರ್ಡುಗಳು ಸೆಲ್ ಪೂರ್ತಿ ಸತ್ತರೆ ಏಳುವುದೇ ಇಲ್ಲ.

ಇಷ್ಟಾದರೂ ಸುಮ್ಮನಿದ್ದರೆ ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರತೆಗೆದು ಒಣಗಿದ ರಟ್ಟಿನ ಮೇಲಿಟ್ಟು ಪರೀಕ್ಷಿಸಿ. ಹೊರಗೆ ಓಡಿ, ಒಳಗೆ ಓಡದಿದ್ದರೆ ಹಿಂದುಗಡೆ ಯಾವುದೋ ಹಿತ್ತಾಳೆ ಸ್ಟಡ್ (ಬೋರ್ಡನ್ನು ಎತ್ತಿ ಹಿಡಿಯುವ ಕಾಲು) ಅಥವಾ ಬಿದ್ದುಹೋದ ಸ್ಕ್ರೂ ತಾಗುತ್ತಿದೆ.

## ಹಂತ 8: ಓಡುತ್ತಾ ಓಡುತ್ತಾ ಆಫ್ ಆದರೆ

ಮೊದಲು ಶಾಖ. ಆನ್ ಮಾಡಿ ಬಯಾಸ್‌ನೊಳಗೆ (ವಿಂಡೋಸ್‌ಗಿಂತ ಮೊದಲು ಬರುವ, ಬೋರ್ಡಿನದೇ ಸೆಟ್ಟಿಂಗ್ ಪರದೆ) ಹೋಗಿ ಪ್ರೊಸೆಸರ್ ತಾಪಮಾನ ನೋಡುತ್ತಾ ಕೂರಿ. 40–50 ಡಿಗ್ರಿಯಲ್ಲಿ ನಿಂತರೆ ಸರಿ. ಕಣ್ಣೆದುರೇ 80, 90 ಅಂತ ಏರಿದರೆ ಪೇಸ್ಟ್ ಒಣಗಿದೆ, ಅಥವಾ ಕೂಲರ್‌ನ ನಾಲ್ಕು ಕಾಲುಗಳಲ್ಲಿ ಒಂದು ಮೇಲೆದ್ದಿದೆ. ಹಳೇ ಪೇಸ್ಟ್ ಒರೆಸಿ, ಅವರೆಕಾಳಿನಷ್ಟು ಹೊಸದು ಹಾಕಿ, ನಾಲ್ಕೂ ಕಾಲು ಟಕ್ ಅನ್ನಿಸಿ.

ಶಾಖ ಸರಿ ಇದ್ದರೆ ಮೋಲೆಕ್ಸ್ ಕನೆಕ್ಟರಿನ ಹಳದಿ–ಕಪ್ಪು ನಡುವೆ ಮೀಟರ್ ಇಟ್ಟು ಭಾರದ ಕೆಲಸ ಕೊಡಿ. ಗೇಮ್, ವಿಡಿಯೊ ಎಡಿಟಿಂಗ್, ಏನಾದರೂ ಸರಿ. 12.1 ಇದ್ದದ್ದು 11.9ಕ್ಕೆ ಇಳಿದರೆ ಚಿಂತೆಯಿಲ್ಲ. 11.4 ದಾಟಿ ಕೆಳಗೆ ಹೋದರೆ ಅಥವಾ ಅಂಕಿ ಕುಣಿದರೆ ಎಸ್‌ಎಂಪಿಎಸ್ ಬದಲಾಯಿಸುವ ಸಮಯ.

ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ "ಕರ್ನಲ್-ಪವರ್ 41" ಕಂಡ ಕೂಡಲೇ ಎಸ್‌ಎಂಪಿಎಸ್ ತರಲು ಓಡಬೇಡಿ. ಅದರ ಅರ್ಥ "ಹೋದ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ" ಅಂತ ಮಾತ್ರ. ಕರೆಂಟ್ ಹೋದರೂ ಅದೇ ಬರುತ್ತದೆ.

ಯುಪಿಎಸ್ ಬ್ಯಾಟರಿ ಹೊಸದು, ಆದರೂ ಕರೆಂಟ್ ಹೋದ ಕ್ಷಣಕ್ಕೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ ಅನ್ನುವವರಿದ್ದಾರೆ. ಯುಪಿಎಸ್ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡ್ ಬೇಕು. ಒಳ್ಳೇ ಎಸ್‌ಎಂಪಿಎಸ್ ತನ್ನ ಕೆಪಾಸಿಟರ್‌ನಲ್ಲಿರುವ ಕರೆಂಟಿನಲ್ಲೇ 16–17 ಮಿಲಿಸೆಕೆಂಡ್ ತಳ್ಳುತ್ತದೆ. ವಯಸ್ಸಾದದ್ದಕ್ಕೆ ಅಷ್ಟು ಉಸಿರು ಇರುವುದಿಲ್ಲ. ಎರಡನೇ ಯುಪಿಎಸ್ ಕೊಂಡರೂ ಇದು ನಿಲ್ಲದು.

ಇನ್ನು ಕರೆಂಟ್ ಬಂದ ಕೂಡಲೇ ತಾನಾಗಿಯೇ ಆನ್ ಆಗುವುದು ರೋಗವಲ್ಲ. ಬಯಾಸ್‌ನಲ್ಲಿ ಕರೆಂಟ್ ಬಂದಾಗ ಏನು ಮಾಡಬೇಕು ಎಂಬ ಸೆಟ್ಟಿಂಗ್ ಇದೆ, ಅದನ್ನು ಆಫ್ ಮಾಡಿ.

## ಹಂತ 9: ಹೊಸ ಎಸ್‌ಎಂಪಿಎಸ್ ತರುವಾಗ

ಡಬ್ಬಿ ಮೇಲಿನ ದೊಡ್ಡ ಅಕ್ಷರ ನಂಬಬೇಡಿ, ಪಕ್ಕದ ಸ್ಟಿಕರ್ ಓದಿ. "450" ಎಂದು ಬರೆದ ಅಗ್ಗದ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್ ಎದುರಿಗೆ 14 ಆಂಪಿಯರ್ ಎಂದಿರುತ್ತದೆ. 12ನ್ನು 14ರಿಂದ ಗುಣಿಸಿ: 168 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಳೆಯುವುದು ಈ 12 ವೋಲ್ಟ್‌ನಿಂದಲೇ, ಲೆಕ್ಕಕ್ಕೆ ಬರುವುದೂ ಅದೇ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಮಷೀನ್ ಸಾಮಾನ್ಯವಾಗಿ 150 ವ್ಯಾಟ್ ದಾಟುವುದಿಲ್ಲ. ಹಾಗಾಗಿ ದೊಡ್ಡದು ಬೇಡ, ಪ್ರಾಮಾಣಿಕವಾದದ್ದು ಬೇಕು. 80 ಪ್ಲಸ್ ಗುರುತು (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಎಂಬ ಪ್ರಮಾಣಪತ್ರ) ಇರುವ, ಹೆಸರಾಂತ ಕಂಪನಿಯ 350–450 ವ್ಯಾಟ್‌ನದು ಸಾಕು. ಬೆಂಗಳೂರಿನ ಎಸ್‌ಪಿ ರೋಡ್‌ನ ಕಂಪ್ಯೂಟರ್ ಅಂಗಡಿಗಳಲ್ಲಿ ಅಗ್ಗದ್ದು, ಒಳ್ಳೇದು ಎರಡನ್ನೂ ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಸೆಕೆಂಡ್ ಹ್ಯಾಂಡ್ ಎಸ್‌ಎಂಪಿಎಸ್ ಅಂತೂ ಬೇಡವೇ ಬೇಡ.

ಡೆಲ್, ಎಚ್‌ಪಿ, ಲೆನೊವೊ ಆಫೀಸ್ ಮಷೀನ್‌ಗಳಲ್ಲಿ ಹಲವಕ್ಕೆ 24 ಪಿನ್ ಇರುವುದಿಲ್ಲ. 6, 8, 10, 14 ಪಿನ್ ಹೀಗೆ ತಮ್ಮದೇ ಕನೆಕ್ಟರ್ ಇರುತ್ತದೆ. ಮೇಲೆ ಹೇಳಿದ ಬಣ್ಣಗಳ ಲೆಕ್ಕ, ಪೇಪರ್ ಕ್ಲಿಪ್ ಎರಡೂ ಅವಕ್ಕೆ ನಡೆಯುವುದಿಲ್ಲ. ಹಳೇ ಎಸ್‌ಎಂಪಿಎಸ್‌ನ ಪಾರ್ಟ್ ನಂಬರ್ ಫೋಟೊ ತೆಗೆದುಕೊಂಡು ಹೋಗಿ ಅದೇ ನಂಬರಿನದ್ದನ್ನೇ ಕೇಳಿ.

## ಹಂತ 10: ಬೋರ್ಡೇ ಹೋಗಿದ್ದರೆ

ಎಸ್‌ಎಂಪಿಎಸ್ ಅಳತೆ ಸರಿ, ಬಟನ್ ಸರಿ, ರಟ್ಟಿನ ಮೇಲೂ ಸತ್ತಂತೆ ಬಿದ್ದಿದೆ ಎಂದರೆ ಬೋರ್ಡ್ ಅಥವಾ ಪ್ರೊಸೆಸರ್. ಸಾಮಾನ್ಯವಾಗಿ ಬೋರ್ಡ್. ಕೆಪಾಸಿಟರ್ ಮಾತ್ರ ಉಬ್ಬಿದ್ದರೆ ರಿಪೇರಿ ಮಾಡಿಸಬಹುದು. ಹತ್ತು ವರ್ಷ ಹಳೇ ಮಷೀನಿಗೆ ಅದಕ್ಕಿಂತ ಜಾಸ್ತಿ ಖರ್ಚು ಮಾಡಲು ನಾನಂತೂ ಹೇಳುವುದಿಲ್ಲ.

ರಿಪೇರಿಗೆ ಕೊಡುವ ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಒಳಗಿನ ಫೋಟೊ, ಲೆಕ್ಕಪತ್ರಕ್ಕೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಸಾಟಾದಿಂದ ಯುಎಸ್‌ಬಿಗೆ ಹೋಗುವ ಕೇಬಲ್ ಕೊಂಡು ಲ್ಯಾಪ್‌ಟಾಪ್‌ಗೆ ಹಾಕಿದರೆ ಫೈಲುಗಳು ಸಿಗುತ್ತವೆ. ಕೊಳ್ಳುವಾಗ ಪ್ರತ್ಯೇಕ 12 ವೋಲ್ಟ್ ಅಡಾಪ್ಟರ್ ಇರುವ ಕೇಬಲ್ಲನ್ನೇ ಕೇಳಿ ತನ್ನಿ. ಡೆಸ್ಕ್‌ಟಾಪ್‌ನ 3.5 ಇಂಚಿನ ಡಿಸ್ಕ್ ಬರೀ ಯುಎಸ್‌ಬಿ ಕರೆಂಟಿನಲ್ಲಿ ತಿರುಗುವುದಿಲ್ಲ.